ಮಾನವ ಸಂಪನ್ಮೂಲ ಹುದ್ದೆಗೆ ಈ ವಯೋಮಿತಿ ಏಕೆ? ನಮ್ಮ ಭಾಗದ ಉದ್ಯೋಗದಾತರಿಗೆ ಒಂದು ಬಹಿರಂಗ ಪತ್ರ

ಗೆ,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕಾರ್ಖಾನೆ, ಗಿರಣಿ, ಆಸ್ಪತ್ರೆ ಹಾಗೂ ಶಿಕ್ಷಣ ಸಂಸ್ಥೆಗಳ ಮುಖ್ಯಸ್ಥರಿಗೆ.

ಮಾನ್ಯರೇ,

ಮಾನವ ಸಂಪನ್ಮೂಲ ವಿಭಾಗಕ್ಕೆ ಸಿಬ್ಬಂದಿ ಬೇಕಾದಾಗ ನೀವು ಪತ್ರಿಕೆಗಳಲ್ಲಿಯೂ ಉದ್ಯೋಗ ಮೇಳಗಳಲ್ಲಿಯೂ ಕೊಡುವ ಪ್ರಕಟಣೆಗಳಲ್ಲಿ ಪದವಿ, ಅನುಭವ, ಕಂಪ್ಯೂಟರ್ ಜ್ಞಾನಗಳ ಕೆಳಗೆ ‘ವಯಸ್ಸು 35 ಮೀರಿರಬಾರದು’ ಎಂಬ ಸಾಲು ಮತ್ತೆ ಮತ್ತೆ ಕಾಣಿಸುತ್ತದೆ. ಕೆಲವೆಡೆ ಅದು 30ಕ್ಕೇ ನಿಲ್ಲುತ್ತದೆ. ಆ ಸಾಲನ್ನು ಕೈಬಿಡಬೇಕೆಂದೂ, ನಲವತ್ತು ದಾಟಿದ ಮೇಲೆ ಬೇರೆ ವೃತ್ತಿಯಿಂದ ಈ ಕೆಲಸಕ್ಕೆ ಬರಬಯಸುವವರನ್ನು ಸಂದರ್ಶನಕ್ಕಾದರೂ ಕರೆಯಬೇಕೆಂದೂ ಕೋರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಕಲಬುರಗಿಯ ಅನುದಾನರಹಿತ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಗಣಿತ ಕಲಿಸಿ, ನಲವತ್ತರ ನಂತರ ದೂರಶಿಕ್ಷಣದ ಮೂಲಕ ಮಾನವ ಸಂಪನ್ಮೂಲ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಮುಗಿಸಿ, ಈಗ ಬೇಳೆಕಾಳು ಸಂಸ್ಕರಣಾ ಘಟಕವೊಂದರಲ್ಲಿ ಸಿಬ್ಬಂದಿ ವಿಷಯಗಳನ್ನು ನೋಡಿಕೊಳ್ಳುತ್ತಿರುವ ಮಹಿಳೆ. ನನಗೆ ಕೆಲಸ ಸಿಕ್ಕಿದೆ, ಆದ್ದರಿಂದ ಇದನ್ನು ನನ್ನದೇ ಅರ್ಜಿಯೆಂದು ಭಾವಿಸಬೇಡಿ. ನನ್ನ ಬಳಿ ಸಲಹೆ ಕೇಳಿ ಬರುವ ಶಿಕ್ಷಕಿಯರು, ಗುಮಾಸ್ತರು, ಮಾಜಿ ಸೈನಿಕರು ಆ ಒಂದು ಸಾಲನ್ನು ಓದಿ ಅರ್ಜಿಯನ್ನೇ ಹಾಕದೆ ಹಿಂದಿರುಗುತ್ತಿರುವುದನ್ನು ನೋಡಿ ಬರೆಯುತ್ತಿದ್ದೇನೆ.

ಈ 35 ಎಲ್ಲಿಂದ ಬಂತು ಎಂದು ನೋಡಿದರೆ, ಅದು ಸರ್ಕಾರಿ ನೇಮಕಾತಿ ಅಧಿಸೂಚನೆಗಳಿಂದ ಬಂದಿರಬೇಕೆಂದು ನನ್ನ ಅನಿಸಿಕೆ. ರಾಜ್ಯ ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯ ವರ್ಗದವರ ಗರಿಷ್ಠ ವಯಸ್ಸು ಬಹುಕಾಲ 35 ಆಗಿತ್ತು. ಅಲ್ಲಿ ಅದಕ್ಕೊಂದು ಅರ್ಥವೂ ಇದೆ: ಒಮ್ಮೆ ಸೇರಿದವರು 60ನೆಯ ವಯಸ್ಸಿನವರೆಗೆ ಅಲ್ಲಿಯೇ ಇರುತ್ತಾರೆ, ಸೇವಾ ಹಿರಿತನದ ಮೇಲೆ ಬಡ್ತಿ ಪಡೆಯುತ್ತಾರೆ, ನಿವೃತ್ತಿ ಸೌಲಭ್ಯದ ಹೊರೆಯನ್ನು ಸರ್ಕಾರ ಹೊರುತ್ತದೆ. ನಿಮ್ಮಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ನೀವು ತೆಗೆದುಕೊಂಡ ಇಪ್ಪತ್ತಾರರ ಎಂಬಿಎ ಪದವೀಧರರು ಕೆಲಸ ಕಲಿತ ಕೂಡಲೇ ಹೈದರಾಬಾದಿಗೋ ಪುಣೆಗೋ ಹೊರಟು ನಿಲ್ಲುವುದನ್ನು, ಅವರ ಜಾಗಕ್ಕೆ ಮತ್ತೊಬ್ಬರನ್ನು ಹುಡುಕುವಷ್ಟರಲ್ಲಿ ಭವಿಷ್ಯ ನಿಧಿಯ ಮಾಸಿಕ ಚಲನ್ ತಡವಾಗಿ ಬಡ್ಡಿ ಕಟ್ಟಬೇಕಾಗುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅವರು ಹೋಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಆ ವಯಸ್ಸಿನಲ್ಲಿ ನಾನಾದರೂ ಹೋಗುತ್ತಿದ್ದೆ. ಆದರೆ ಸ್ವಂತ ಮನೆ, ಓದುವ ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲರೂ ಇಲ್ಲಿಯೇ ಇರುವ ನಲವತ್ತೈದರ ವ್ಯಕ್ತಿ ಊರು ಬಿಡುವ ಸಾಧ್ಯತೆ ಕಡಿಮೆ ಎಂಬ ಸರಳ ಲೆಕ್ಕ ನಿಮ್ಮ ಪ್ರಕಟಣೆಗಳಲ್ಲಿ ಕಾಣುವುದಿಲ್ಲ. ಖಾಸಗಿ ಸಂಸ್ಥೆಯೊಂದು ಇಂಥ ಹುದ್ದೆಗೆ ಗರಿಷ್ಠ ವಯೋಮಿತಿ ಹಾಕಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಹಾಕಲೇಬಾರದೆಂದು ಹೇಳುವ ಕಾನೂನೂ ನಮ್ಮಲ್ಲಿಲ್ಲ. ಹೀಗಾಗಿಯೇ ಈ ಪತ್ರವನ್ನು ಸರ್ಕಾರಕ್ಕೆ ಬರೆಯದೆ ನಿಮಗೆ ಬರೆದಿದ್ದೇನೆ. ಆ ಸಾಲನ್ನು ಬರೆದವರೂ ನೀವೇ, ಅಳಿಸಬಲ್ಲವರೂ ನೀವೇ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. ಮಾನವ ಸಂಪನ್ಮೂಲ ಅಧಿಕಾರಿಯೆಂದರೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಸಂದರ್ಶನ ನಡೆಸುವವರು ಎಂಬ ಚಿತ್ರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಬಂದದ್ದು. ಕಪನೂರ ಅಥವಾ ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶದ ಗಿರಣಿಯಲ್ಲಿ, ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರ ನಡುವೆ, ಹುಮನಾಬಾದ್ ಅಥವಾ ಕಡೇಚೂರಿನ ಔಷಧ ಘಟಕದಲ್ಲಿ ಈ ಕೆಲಸದ ಸ್ವರೂಪವೇ ಬೇರೆ. ನನ್ನ ದಿನದ ದೊಡ್ಡ ಪಾಲು ಹೆಸರುಗಳನ್ನು ಸರಿಪಡಿಸುವುದರಲ್ಲಿ ಕಳೆಯುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆಧಾರ್ ಚೀಟಿಯಲ್ಲಿ ಮಲ್ಲಮ್ಮ ಎಂದಿರುವವರು ಭವಿಷ್ಯ ನಿಧಿಯ ದಾಖಲೆಯಲ್ಲಿ ಮಲ್ಲವ್ವ ಆಗಿರುತ್ತಾರೆ. ಬ್ಯಾಂಕಿನಲ್ಲಿ ಮಹಿಬೂಬ್ ಆಗಿರುವವರು ಹಳೆಯ ಗುತ್ತಿಗೆದಾರನ ಖಾತೆಯಲ್ಲಿ ಮೆಹಬೂಬ್ ಆಗಿರುತ್ತಾರೆ. ಒಬ್ಬರಿಗೆ ತಂದೆಯ ಹೆಸರು ಅಡ್ಡಹೆಸರಿನ ಜಾಗಕ್ಕೆ ಬಂದಿದ್ದರೆ, ಇನ್ನೊಬ್ಬರಿಗೆ ಊರಿನ ಹೆಸರೇ ತಂದೆಯ ಹೆಸರಾಗಿರುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಜನವರಿ 1ರಂದೇ ಹುಟ್ಟಿದ್ದಾರೆ. ಇವು ಹೊಂದಿಕೆಯಾಗದಿದ್ದರೆ ಮಗಳ ಮದುವೆಗೆಂದು ಕೇಳಿದ ಮುಂಗಡವಾಗಲಿ, ಕೆಲಸ ಬಿಟ್ಟ ಮೇಲಿನ ಹಣವಾಗಲಿ, ಕುಟುಂಬ ಪಿಂಚಣಿಯಾಗಲಿ ಬರುವುದಿಲ್ಲ; ಮಾಲೀಕರೂ ಕಾರ್ಮಿಕರೂ ಸೇರಿ ಜಂಟಿ ಘೋಷಣೆ ಸಲ್ಲಿಸಬೇಕು, ಅದಕ್ಕೆ ಶಾಲಾ ದಾಖಲೆಯನ್ನೋ ಬೇರೆ ಪುರಾವೆಯನ್ನೋ ಹುಡುಕಿ ತರಿಸಬೇಕು. ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆ ಮತ್ತು ಈ ನೆಲದ ಪರಿಚಯ. ಹೆಸರು ಎಲ್ಲಿ, ಯಾವ ಗುಮಾಸ್ತರ ಕೈಯಲ್ಲಿ ಹೇಗೆ ಕೆಟ್ಟಿರಬಹುದೆಂದು ಊಹಿಸಬಲ್ಲವರು ಅದನ್ನು ಬೇಗ ಮುಗಿಸುತ್ತಾರೆ. ಶಾಲೆಯ ದಾಖಲಾತಿ ಪುಸ್ತಕವನ್ನು ವರ್ಷಗಟ್ಟಲೆ ಬರೆದ ಶಿಕ್ಷಕಿಗೆ ಇದು ಹೊಸ ವಿದ್ಯೆಯೇ ಅಲ್ಲ.

ಹಾಜರಿಯ ವಿಷಯವೂ ಹಾಗೆಯೇ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ನಮ್ಮ ಹಮಾಲರಲ್ಲಿ ಎಷ್ಟೋ ಮಂದಿ ಸ್ವಂತ ಹೊಲಕ್ಕೆ ಹೋಗುತ್ತಾರೆ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ ಬರುತ್ತದೆ. ಖ್ವಾಜಾ ಬಂದೇನವಾಜರ ಉರುಸು ಚಾಂದ್ರಮಾನ ಲೆಕ್ಕದಲ್ಲಿ ನಡೆಯುವುದರಿಂದ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತದೆ. ಫೆಬ್ರವರಿ 15ರ ಸೇವಾಲಾಲ ಜಯಂತಿಗೆ ತಾಂಡಾಗಳ ಹೆಣ್ಣುಮಕ್ಕಳು ಬರುವುದಿಲ್ಲ. ಹೊರಗಿನಿಂದ ಬಂದ ಅಧಿಕಾರಿಗೆ ಇವೆಲ್ಲ ‘ಅನಧಿಕೃತ ಗೈರುಹಾಜರಿ’. ಬಲ್ಲವರಿಗೆ ಇವು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ, ಪಾಳಿ ಬದಲಿಸಿ, ಬದಲಿ ಆಳುಗಳನ್ನು ಮಾತಾಡಿಟ್ಟುಕೊಳ್ಳಬೇಕಾದ ದಿನಗಳು. ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಸರ್ಕಾರವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತದೆ. ಅದೇ ಬಿಸಿಲಿನಲ್ಲಿ ತಗಡಿನ ಛಾವಣಿಯ ಕೆಳಗೆ ಮೂಟೆ ಹೊರುವವರ ಪಾಳಿಯನ್ನು ಬದಲಿಸಲು ನಿಮ್ಮ ಸಿಬ್ಬಂದಿ ವಿಭಾಗದಿಂದ ಯಾರಾದರೂ ಸಲಹೆ ಕೊಟ್ಟಿದ್ದಾರೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಭಾಷೆಯ ಮಾತಂತೂ ಬೇರೆ ಹೇಳಬೇಕಾಗಿಲ್ಲ. ಸೇಡಂ ಕಡೆ ತೆಲುಗು, ಆಳಂದ ಮತ್ತು ಬೀದರ್ ಕಡೆ ಮರಾಠಿ, ನಗರದಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಎಲ್ಲ ಕಡೆ ನಮ್ಮ ಕನ್ನಡ. ಇಷ್ಟರಲ್ಲಿ ಮೂರನ್ನಾದರೂ ಅರ್ಥ ಮಾಡಿಕೊಳ್ಳಬಲ್ಲ ನಡುವಯಸ್ಸಿನವರು ಇಲ್ಲಿ ಪ್ರತಿ ಓಣಿಯಲ್ಲಿ ಸಿಗುತ್ತಾರೆ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗದವರಿಗೆ ಸರ್ಕಾರಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ ತಂದುಕೊಟ್ಟಿತು. ಅದು ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಕಟ್ಟಿಹಾಕಬೇಕೆಂದೂ ನಾನು ಇಲ್ಲಿ ವಾದಿಸುತ್ತಿಲ್ಲ. ಕಾರ್ಮಿಕರು ಇಲ್ಲಿಯವರು, ಅವರ ಪಗಾರ ಮತ್ತು ದೂರುಗಳನ್ನು ನೋಡುವವರು ಮಾತ್ರ ಬೇರೆಡೆಯವರು ಎಂಬ ವ್ಯವಸ್ಥೆಯಿಂದ ನಿಮಗೇ ನಷ್ಟವಾಗುತ್ತಿದೆ ಎಂಬುದಷ್ಟೇ ನನ್ನ ಮಾತು.

ಈ ಮಾತನ್ನು ಈಗಲೇ ಎತ್ತಲು ಒಂದು ಕಾರಣವಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾನೂನುಗಳ ಜಾಗವನ್ನು ತೆಗೆದುಕೊಂಡಿವೆ. ಇವುಗಳಿಂದ ಕಾರ್ಮಿಕರಿಗೆ ಲಾಭವೋ ನಷ್ಟವೋ ಎಂಬ ಚರ್ಚೆ ಬೇರೆಯೇ ಇದೆ, ಕಾರ್ಮಿಕ ಸಂಘಗಳ ಆಕ್ಷೇಪಗಳಲ್ಲಿ ಹಲವು ನನಗೂ ಒಪ್ಪಿಗೆಯಾಗುತ್ತವೆ. ಆದರೆ ಸಿಬ್ಬಂದಿ ವಿಭಾಗದ ಕೆಲಸ ಹೆಚ್ಚಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು. ಬಾಯಿಮಾತಿನ ಮೇಲೆ ನಡೆದುಕೊಂಡು ಬಂದ ನಮ್ಮ ಗಿರಣಿಗಳಿಗೆ ಇದೊಂದೇ ದೊಡ್ಡ ಕೆಲಸ. ಕೆಲಸ ಬಿಟ್ಟವರ ಅಥವಾ ತೆಗೆಯಲ್ಪಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದ ಭತ್ಯೆಗಳು ವೇತನದ ಲೆಕ್ಕಕ್ಕೇ ಸೇರುವುದರಿಂದ, ಮೂಲ ವೇತನವನ್ನು ಸಣ್ಣದಾಗಿಟ್ಟು ಉಳಿದದ್ದನ್ನು ಭತ್ಯೆಯೆಂದು ತೋರಿಸುವ ಹಳೆಯ ಜಾಣತನ ಈಗ ನಡೆಯುವುದಿಲ್ಲ. ವೇತನ ಪಟ್ಟಿಗಳನ್ನು ಹೊಸದಾಗಿ ಕಟ್ಟಬೇಕಾಗಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವಾವಧಿಯ ಲೆಕ್ಕದಲ್ಲಿ ಕೊಡುವ ಇಡುಗಂಟು, ಸಲ್ಲುತ್ತದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ದೂರು ಪರಿಹಾರ ಸಮಿತಿ ಇರಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿಗೆ ಕಲ್ಯಾಣಾಧಿಕಾರಿ ಬೇಕೆಂದಿದ್ದದ್ದು ಈಗ 250ಕ್ಕೆ ಇಳಿದಿದೆ. ಅಂದರೆ ಇದುವರೆಗೆ ಆ ಹುದ್ದೆಯ ಗೊಡವೆಯೇ ಇಲ್ಲದಿದ್ದ ಮಧ್ಯಮ ಗಾತ್ರದ ಕಾರ್ಖಾನೆಗಳೂ ಜನರನ್ನು ಹುಡುಕಬೇಕಾಗಿದೆ, ಅದೂ ಒಂದೇ ಕಾಲಕ್ಕೆ.

ಇದರ ಜೊತೆಗೆ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವ ಪ್ರತಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆಯನ್ನು ಹಿರಿಯ ಹುದ್ದೆಯ ಮಹಿಳೆಯೇ ವಹಿಸಬೇಕು. ಬೇಳೆ ಆರಿಸುವ, ಪ್ಯಾಕ್ ಮಾಡುವ ವಿಭಾಗದಲ್ಲಿ ಹೆಣ್ಣುಮಕ್ಕಳೇ ತುಂಬಿರುವ ಘಟಕಗಳಲ್ಲಿ ಹಿರಿಯ ಹುದ್ದೆಯ ಮಹಿಳೆ ಎಲ್ಲಿದ್ದಾರೆ? ಇಲ್ಲದ್ದರಿಂದ ಮಾಲೀಕರ ಮನೆಯವರ ಹೆಸರನ್ನೋ ಸ್ವಾಗತಕಾರಿಣಿಯ ಹೆಸರನ್ನೋ ಬರೆದು ಫಲಕ ತೂಗುಹಾಕಿರುವುದನ್ನು ನಾನು ಕಂಡಿದ್ದೇನೆ. ಇಪ್ಪತ್ತೈದರ ಹುಡುಗಿ ಆ ಕುರ್ಚಿಯಲ್ಲಿ ಕುಳಿತರೆ ಮುಕಾದಮನ (ಆಳುಗಳ ಮೇಸ್ತ್ರಿಯ) ವಿರುದ್ಧ ದೂರು ಕೊಡಲು ಬಂದ ಮೂರು ಮಕ್ಕಳ ತಾಯಿ ಬಾಯಿ ಬಿಡುವುದು ಕಷ್ಟ. ಮುಕಾದಮನಂತೂ ಆ ಹುಡುಗಿಯ ಎದುರು ಕುಳಿತುಕೊಂಡೇ ಮಾತಾಡುತ್ತಾನೆ. ಇದು ಸರಿಯೆಂದು ನಾನು ಹೇಳುತ್ತಿಲ್ಲ, ಇರುವುದು ಹೀಗೆ. ನಡುವಯಸ್ಸಿನ ಮಹಿಳೆಯರನ್ನು ಈ ವೃತ್ತಿಗೆ ಕರೆಯಲು ಬೇರೆ ಕಾರಣ ಒಂದೂ ಇಲ್ಲದಿದ್ದರೂ ಇದೊಂದು ಸಾಕು.

ನಿಮ್ಮ ಆಕ್ಷೇಪಗಳು ನನಗೆ ಗೊತ್ತು, ಅವನ್ನು ಸಂದರ್ಶನಗಳಲ್ಲಿ ಕೇಳಿಸಿಕೊಂಡಿದ್ದೇನೆ. ಒಂದು ಕಡೆ ಮೇಜಿನ ಆಚೆ ಕುಳಿತ ಹಿರಿಯರೊಬ್ಬರು ನನ್ನ ಅಂಕಪಟ್ಟಿಯನ್ನು ತೆರೆಯುವ ಮೊದಲೇ, ‘ಈ ವಯಸ್ಸಿನ್ಯಾಗ ಯಾಕ್ರೀ ಮೇಡಂ ಇದೆಲ್ಲ’ ಎಂದು ಕೇಳಿದ್ದರು. ಕಂಪ್ಯೂಟರ್ ಬರುವುದಿಲ್ಲ ಎಂಬುದು ಮೊದಲ ಆಕ್ಷೇಪ. ಹಾಗಿದ್ದರೆ ಸಂದರ್ಶನದ ದಿನವೇ ಒಂದು ಹಾಜರಿ ಪಟ್ಟಿ ಕೊಟ್ಟು ಎಕ್ಸೆಲ್‌ನಲ್ಲಿ ಪಗಾರದ ಪಟ್ಟಿ ಮಾಡಿಸಿ ನೋಡಿ, ಬರದವರನ್ನು ಕಳುಹಿಸಿಬಿಡಿ. ವಯಸ್ಸಾದವರಿಗೆ ಆರೋಗ್ಯ ಸರಿಯಿರುವುದಿಲ್ಲ ಎಂಬುದಕ್ಕೆ ಉತ್ತರ ಕೊಡುವ ಅಗತ್ಯವೂ ನನಗೆ ಕಾಣುವುದಿಲ್ಲ, ನಿಮ್ಮ ಆಡಳಿತ ಮಂಡಳಿಗಳ ಸರಾಸರಿ ವಯಸ್ಸನ್ನು ಒಮ್ಮೆ ಲೆಕ್ಕ ಹಾಕಿಕೊಳ್ಳಿ. ತಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡಲು ಅವರಿಗೆ ಆಗುವುದಿಲ್ಲ ಎಂಬ ಆಕ್ಷೇಪದಲ್ಲಿ ಮಾತ್ರ ಸತ್ಯಾಂಶವಿದೆ. ಇಪ್ಪತ್ತು ವರ್ಷ ತರಗತಿಯ ಮುಂದೆ ನಿಂತು ಮಾತಾಡಿದವರಿಗೆ, ಮೂವತ್ತರ ವ್ಯವಸ್ಥಾಪಕರು ‘ಈ ಪತ್ರವನ್ನು ಇನ್ನೊಮ್ಮೆ ಬರೆಯಿರಿ’ ಎಂದಾಗ ಮುಖ ಕಿವುಚದಿರುವುದು ಅಭ್ಯಾಸದಿಂದ ಬರಬೇಕಾದ ಗುಣ. ಎಲ್ಲರಿಗೂ ಅದು ಬರುವುದಿಲ್ಲ. ಆದರೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಹುಟ್ಟಿದ ವರ್ಷ ಹೇಳಲಾರದು; ಆರು ತಿಂಗಳ ಪ್ರೊಬೇಷನ್ ಹೇಳುತ್ತದೆ.

ಹಾಗೆಂದು ನಡುವಯಸ್ಸಿನ ಅರ್ಜಿದಾರರೆಲ್ಲ ಯೋಗ್ಯರೆಂದು ನಾನು ಜಾಮೀನು ಕೊಡುತ್ತಿಲ್ಲ, ಈ ಪತ್ರವನ್ನು ಓದುವ ಅಂಥವರಿಗೂ ಎರಡು ಮಾತು ಹೇಳಬೇಕು. ‘ನನಗೆ ಜನರೊಡನೆ ಬೆರೆಯುವುದೆಂದರೆ ಇಷ್ಟ, ಅದಕ್ಕೇ ಈ ಕ್ಷೇತ್ರಕ್ಕೆ ಬರುತ್ತೇನೆ’ ಎನ್ನುವವರು ನನ್ನ ಬಳಿ ಬಂದರೆ ನಾನು ಮೊದಲು ಒಂದು ಲೆಕ್ಕ ಕೊಡುತ್ತೇನೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ ಇದ್ದ, 10 ವರ್ಷ ದುಡಿದ ನೌಕರನಿಗೆ ಗ್ರಾಚ್ಯುಟಿ ಎಷ್ಟು? ತಿಂಗಳಿಗೆ 26 ದಿನವೆಂದು ಹಿಡಿದು, ವರ್ಷಕ್ಕೆ 15 ದಿನದ ವೇತನದಂತೆ 1,03,846 ರೂಪಾಯಿ ಎಂದು ಲೆಕ್ಕ ಹಾಕಿ ಕೊಡಲು, ನೌಕರನಿಗೆ ಅರ್ಥವಾಗುವಂತೆ ವಿವರಿಸಲು ಆಸಕ್ತಿ ಇದ್ದರೆ ಮುಂದಿನ ಮಾತು. ಭವಿಷ್ಯ ನಿಧಿಗೆ ನೌಕರನಿಂದ ಶೇ 12, ಮಾಲೀಕರಿಂದ ಶೇ 12. ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ನೌಕರನಿಂದ ಶೇ 0.75, ಮಾಲೀಕರಿಂದ ಶೇ 3.25, ಅದೂ ತಿಂಗಳ ವೇತನ 21,000 ರೂಪಾಯಿಯೊಳಗೆ ಇದ್ದವರಿಗೆ. ಇಂಥ ಅಂಕಿಗಳು ನಾಲಿಗೆಯ ತುದಿಯಲ್ಲಿರಬೇಕು, ಬದಲಾದಾಗ ಬದಲಾಯಿತೆಂದು ಗೊತ್ತಾಗಬೇಕು. ಜನರ ಮೇಲಿನ ಪ್ರೀತಿ ಈ ಕೆಲಸದಲ್ಲಿ ತೋರುವುದು ಚಲನ್ ಸರಿಯಾದ ದಿನ ಕಟ್ಟುವುದರಲ್ಲಿ.

ಹಣದ ವಿಷಯದಲ್ಲಿಯೂ ಕಣ್ಣು ತೆರೆದೇ ಬರಬೇಕು. ಶುರುವಿನ ಪಗಾರ ಹಿಂದಿನದಕ್ಕಿಂತ ಕಡಿಮೆಯಾಗಬಹುದು. ಹಿಂದಿನ ಸಂಸ್ಥೆಯಲ್ಲಿ ಭವಿಷ್ಯ ನಿಧಿ ಇದ್ದವರು ಆ ಹಣವನ್ನು ಹಿಂಪಡೆಯದೆ ಅದೇ ಯುಎಎನ್ (ಭವಿಷ್ಯ ನಿಧಿ ಸದಸ್ಯರ ಕಾಯಂ ಖಾತೆ) ಸಂಖ್ಯೆಯ ಮೇಲೆ ವರ್ಗಾಯಿಸಿಕೊಳ್ಳಬೇಕು, ಏಕೆಂದರೆ 58ನೆಯ ವಯಸ್ಸಿಗೆ ಪಿಂಚಣಿ ಸಿಗಲು ಕನಿಷ್ಠ 10 ವರ್ಷದ ಸೇವೆ ದಾಖಲೆಯಲ್ಲಿರಬೇಕು. ಭವಿಷ್ಯ ನಿಧಿಯನ್ನೇ ಕಾಣದ ಸಣ್ಣ ಶಾಲೆಯಲ್ಲೋ ಅಂಗಡಿಯಲ್ಲೋ ದುಡಿದವರು 50ನೆಯ ವರ್ಷದಲ್ಲಿ ಮೊದಲ ಬಾರಿ ಸದಸ್ಯರಾದರೆ ಆ ಹತ್ತು ವರ್ಷ 58ರೊಳಗೆ ತುಂಬುವುದಿಲ್ಲ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸದಸ್ಯರಾಗುವವರ ವೇತನ 15,000 ರೂಪಾಯಿ ಮೀರಿದ್ದರೆ ಪಿಂಚಣಿ ಯೋಜನೆಯೇ ಅವರಿಗೆ ಅನ್ವಯಿಸುವುದಿಲ್ಲ. ಉದ್ಯೋಗದಾತರೇ, ಈ ಮಾತು ನಿಮಗೂ ಸೇರಿದ್ದು: ವಯೋಮಿತಿಯ ನೆಪದಲ್ಲಿ ನೀವು ನಲವತ್ತಾರರ ಒಬ್ಬರನ್ನು ಎರಡು ಮೂರು ವರ್ಷ ಅಲೆಯುವಂತೆ ಮಾಡಿದರೆ, ಆ ಅಲೆದಾಟದಲ್ಲಿ ಅವರು ಕಳೆದುಕೊಳ್ಳುವುದು ಜೀವಮಾನದ ಪಿಂಚಣಿಯೂ ಆಗಿರಬಹುದು.

ನಿಮ್ಮಲ್ಲಿ ಹೆಚ್ಚಿನವರ ಘಟಕಗಳು ದೊಡ್ಡವಲ್ಲ ಎಂಬುದೂ ನನಗೆ ತಿಳಿದಿದೆ. ಮೂವತ್ತು ನಲವತ್ತು ಆಳುಗಳಿರುವ ದಾಲ್ ಮಿಲ್ಲಿಗೆ ಪೂರ್ಣಾವಧಿ ಅಧಿಕಾರಿ ಭಾರವೇ. ಇಂದು ಅಲ್ಲಿ ನಡೆಯುತ್ತಿರುವುದು ಇಷ್ಟು: ತಿಂಗಳಿಗೊಮ್ಮೆ ಬರುವ ಪಿಎಫ್ ಕನ್ಸಲ್ಟಂಟ್ ಚಲನ್ ಕಟ್ಟಿ ಹೋಗುತ್ತಾರೆ, ಉಳಿದದ್ದನ್ನು ಮುನೀಮರು ಹೇಗೋ ನಿಭಾಯಿಸುತ್ತಾರೆ, ಕಾರ್ಮಿಕರ ದೂರು ಮಾಲೀಕರ ಕಿವಿಗೆ ಬೀಳುವುದು ಕೆಲಸ ನಿಂತಾಗಲೇ. ಆದರೆ 20 ಆಳುಗಳಿಗೆ ಭವಿಷ್ಯ ನಿಧಿ, 10 ಆಳುಗಳಿಗೆ ಇಎಸ್‌ಐ ಅನ್ವಯಿಸುವುದರಿಂದ ಕಾನೂನಿನ ದೃಷ್ಟಿಯಲ್ಲಿ ಈ ಘಟಕಗಳೂ ಚಿಕ್ಕವಲ್ಲ. ಒಂದೇ ಕೈಗಾರಿಕಾ ಪ್ರದೇಶದ ನಾಲ್ಕೈದು ಗಿರಣಿಗಳು ಸೇರಿ ಒಬ್ಬರನ್ನು ನೇಮಿಸಿಕೊಂಡು, ವಾರದ ಒಂದೊಂದು ದಿನ ಒಂದೊಂದು ಗಿರಣಿಯಲ್ಲಿ ಕೂರಿಸಿದರೆ ಖರ್ಚು ಹಂಚಿಹೋಗುತ್ತದೆ. ಇಂಥ ಹಂಚಿಕೆಯ ಹುದ್ದೆಗೆ ಏರುವ ಮೆಟ್ಟಿಲುಗಳಿಲ್ಲ, ಬಡ್ತಿಯಿಲ್ಲ. ವೃತ್ತಿಜೀವನ ಆರಂಭಿಸುವ ಯುವಕರಿಗೆ ಅದು ರುಚಿಸದಿರುವುದು ಸಹಜ. ಊರಲ್ಲಿದ್ದು ಗೌರವದ ಕೆಲಸ ಬೇಕೆನ್ನುವ ಅನುಭವಿಗಳಿಗೆ ಅದು ಹೇಳಿ ಮಾಡಿಸಿದಂತಿದೆ. ಮುಚ್ಚಿಹೋದ ಅಥವಾ ಕೈಬದಲಾದ ಕಾರ್ಖಾನೆಗಳ ಟೈಮ್ ಆಫೀಸ್ ಗುಮಾಸ್ತರು ಶಹಾಬಾದ್‌ನಲ್ಲಿ, ಸೇನೆಯಿಂದ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾದವರು ಬೀದರಿನಲ್ಲಿ ನಿಮಗೆ ಸಿಗುತ್ತಾರೆ. ಕಾರ್ಮಿಕ ಸಂಘದ ಪದಾಧಿಕಾರಿಯಾಗಿದ್ದವರನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ, ನೀವು ಹೌಹಾರುವಿರೆಂದು ಗೊತ್ತಿದ್ದೂ. ಸ್ಥಾಯಿ ಆದೇಶಗಳನ್ನು, ಅಂದರೆ ಕಾರ್ಖಾನೆಯ ಸೇವಾ ನಿಯಮಗಳನ್ನು, ಅವರಷ್ಟು ಗಮನವಿಟ್ಟು ಓದಿದವರು ಬೇರೆ ಯಾರೂ ಇರಲಾರರು.

ಓದಿನ ವ್ಯವಸ್ಥೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ ನಗರಕ್ಕೆ ಹೊಂದಿಕೊಂಡಿದೆ, 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ. ಆದರೆ ಹಗಲು ದುಡಿಯುವವರು ಹಗಲಿನ ತರಗತಿಗೆ ಹೋಗಲಾರರು. ನನ್ನಂಥವರಿಗೆ ಉಳಿದ ದಾರಿ ಮುಕ್ತ ವಿಶ್ವವಿದ್ಯಾಲಯಗಳದು. ಅವುಗಳ ಪಠ್ಯ ಚೆನ್ನಾಗಿಯೇ ಇದೆ. ಇಲ್ಲದಿರುವುದು ಕೈಗೆ ಹತ್ತುವ ಅಭ್ಯಾಸ. ಪಗಾರದ ಪಟ್ಟಿಯನ್ನು, ಮಸ್ಟರ್ ರೋಲನ್ನು, ಅಪಘಾತದ ವರದಿಯನ್ನು ಕಣ್ಣಾರೆ ಕಾಣದೆ ಡಿಪ್ಲೊಮಾ ಮುಗಿಸುವವರೇ ಹೆಚ್ಚು. ಇಲ್ಲಿಯ ವಿಶ್ವವಿದ್ಯಾಲಯಗಳು ಭಾನುವಾರದ ತರಗತಿಗಳಿರುವ ಒಂದು ವರ್ಷದ ಡಿಪ್ಲೊಮಾ ಆರಂಭಿಸಲಿ, ನೀವು ಆ ವಿದ್ಯಾರ್ಥಿಗಳನ್ನು ಬಟವಡೆಯ ವಾರದಲ್ಲಿ ನಿಮ್ಮ ಕಚೇರಿಯಲ್ಲಿ ಕೂರಿಸಿಕೊಳ್ಳಿ. ವಿಶ್ವವಿದ್ಯಾಲಯಗಳ ಬಾಗಿಲನ್ನು ನಾವು ಬಡಿದರೆ ತೆರೆಯುವುದು ನಿಧಾನ. ಕಲ್ಯಾಣ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಮೂಲಕ ನೀವು ಒಟ್ಟಾಗಿ ಕೇಳಿದರೆ ಬೇಗ ತೆರೆದೀತು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಮುಂದಿನ ಪ್ರಕಟಣೆಯಲ್ಲಿ ವಯಸ್ಸಿನ ಸಾಲಿನ ಜಾಗದಲ್ಲಿ ಕೆಲಸದ ವಿವರವನ್ನು ಬರೆಯಿರಿ: ಎಷ್ಟು ಆಳುಗಳು, ಯಾವ ಭಾಷೆಗಳು, ಯಾವ ಪಾಳಿ, ಯಾವ ದಾಖಲೆಗಳು. ಅರ್ಜಿದಾರರಿಗೆ ಲೆಕ್ಕದ ಒಂದು ಪರೀಕ್ಷೆ, ಕಾರ್ಮಿಕರೊಡನೆ ಮಾತಾಡಿಸುವ ಒಂದು ಪರೀಕ್ಷೆ ಇಟ್ಟು ಆರಿಸಿ. ಆರು ತಿಂಗಳ ಪ್ರೊಬೇಷನ್‌ನಲ್ಲಿ ಏನನ್ನು ನೋಡುವಿರೆಂದು ನೇಮಕಾತಿ ಪತ್ರದಲ್ಲಿಯೇ ಬರೆದುಕೊಡಿ, ತೃಪ್ತಿಯಾಗದಿದ್ದರೆ ಕಾರಣ ಹೇಳಿ ಬಿಡುಗಡೆ ಮಾಡಿ. ಹೊಸ ತೊಗರಿ ಮಾರುಕಟ್ಟೆಗೆ ಬರುವ ಮೊದಲು, ಅಂದರೆ ನವೆಂಬರ್ ತಿಂಗಳೊಳಗೆ, ಕಪನೂರದ ಕೆಲವು ಗಿರಣಿಗಳಾದರೂ ಸೇರಿ ಹಂಚಿಕೆಯ ಹುದ್ದೆಯೊಂದನ್ನು ಪ್ರಯತ್ನಿಸಿ ನೋಡುವುದಾದರೆ, ನೇಮಕವಾದವರಿಗೆ ಭವಿಷ್ಯ ನಿಧಿ ಮತ್ತು ಇಎಸ್‌ಐ ಪೋರ್ಟಲ್‌ಗಳ ಕೆಲಸವನ್ನು ಭಾನುವಾರಗಳಂದು ಸಂಭಾವನೆಯಿಲ್ಲದೆ ಕಲಿಸಿಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಬ್ಬಂದಿ ವಿಭಾಗದ ಅಧಿಕಾರಿ, ಕಲಬುರಗಿ